ವಾಲಗ ಕೇಳಲು ಬಂದ ಚೌಡಮ್ಮ

ಚೌಡಮ್ಮನವರು ಕರೆಯದ ಮದುವೆಗೆ ಹೋಗುತ್ತಾರೆ, ಹೋಗಿ ಊಟ ಮಾಡದೆ ಬರುತ್ತಾರೆ. ಮೊದಲನೆಯದನ್ನು ನಮ್ಮ ತಾಳವಾಡಿ ಸೀಮೆಯ ಜನ ಹೇಗೋ ಸಹಿಸಿಕೊಂಡಾರು. ಎರಡನೆಯದು ಮಾತ್ರ ಯಾರಿಗೂ ಗಂಟಲಲ್ಲಿ ಇಳಿಯುವುದಿಲ್ಲ. ಮದುವೆ ಮನೆಯಿಂದ ಉಣ್ಣದೆ ಎದ್ದುಹೋದವರು ಒಂದೋ ಹಗೆಯವರು, ಇಲ್ಲವೇ ಅಡುಗೆಯಲ್ಲಿ ಹುಳುಕು ಹುಡುಕಿದವರು ಎಂಬುದು ಇಲ್ಲಿಯ ತೀರ್ಮಾನ. ದೊಡ್ಡಗಾಜನೂರಿನ ಯಜಮಾನರೊಬ್ಬರು ಪಾಯಸದ ಲೋಟ ಹಿಡಿದುಕೊಂಡು ಬಸ್ಸಿನವರೆಗೂ ಅಟ್ಟಿಸಿಕೊಂಡು ಬಂದು, "ಏನಮ್ಮೋ, ನಮ್ಮನೆ ಅನ್ನ ವಿಸವಾ?" ಎಂದು ಕೂಗಾಡಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಚೌಡಮ್ಮನವರು ನಿಂತಲ್ಲೇ ಪಾಯಸ ಕುಡಿದರು, ಲೋಟ ಹಿಂದಕ್ಕೆ ಕೊಟ್ಟರು, "ಅನ್ನಕ್ಕೆ ಬರ್ನಿಲ್ಲ ಕಣಪ್ಪ, ವಾಲಗ ಕೇಳಾಕ್ ಬಂದಿದ್ದೆ" ಎಂದರು, ಬಸ್ಸು ಹತ್ತಿ ನನ್ನ ಪಕ್ಕದಲ್ಲೇ ಕುಳಿತರು. ನಮ್ಮ ಪರಿಚಯ ಆದದ್ದು ಹಾಗೆ.

ನಾನು ಗೆಟ್ಟವಾಡಿಯವನು, ಕನ್ನಡ ಶಾಲೆಯ ಮೇಷ್ಟ್ರಾಗಿ ನಿವೃತ್ತನಾದವನು. ಸಂಗೀತ ಬಲ್ಲೆನೆಂಬ ಸಣ್ಣ ಅಹಂಕಾರವನ್ನು ಬಹುಕಾಲದಿಂದ ಸಾಕಿಕೊಂಡು ಬಂದವನು. ಅವರು ತಿಗನಾರೆಯ ಒಕ್ಕಲಿನವರು. ಗಂಡ ತೀರಿಕೊಂಡ ಮೇಲೆ ರಾಗಿ, ಜೋಳದ ಹೊಲವನ್ನೂ ಎರಡು ಹಸುಗಳನ್ನೂ ಮಗಳು ಪರಿಮಳಳನ್ನೂ ಒಬ್ಬರೇ ನಿಭಾಯಿಸಿದವರು. ಸೀರೆಯ ಮೇಲೆ ಗಂಡನ ಕರಿಯ ಉಣ್ಣೆಯ ಕೋಟು, ಚಳಿಗಾಲ ಬೇಸಿಗೆಗಳೆಂಬ ಭೇದವಿಲ್ಲದೆ, ಸದಾ ಮೈಮೇಲೆ ಇರಲೇಬೇಕು. ಅದರ ತೋಳು ಉದ್ದವೆಂದು ಮೊಣಕೈವರೆಗೆ ಮಡಚಿರುತ್ತಾರೆ, ಜೇಬಿನ ತುಂಬ ಹುರಿಗಡಲೆ ಇರುತ್ತದೆ. ಮದುವೆಯ ಊಟ ಬಿಟ್ಟು ಬಂದವರಿಗೆ ದಾರಿಯ ಬುತ್ತಿ ಅದೇ. ನಡಿಗೆಯೂ ಒಂದು ಥರ. ನಾಲ್ಕು ಹೆಜ್ಜೆ ಬಿರುಸಾಗಿ ಹಾಕುವುದು, ಥಟ್ಟನೆ ನಿಂತು ಎಡಗಿವಿಯನ್ನು ಗಾಳಿಗೆ ಒಡ್ಡುವುದು, ಏನೋ ಖಚಿತವಾದಂತೆ ಮತ್ತೆ ಹೊರಡುವುದು. ಹಂದಿ ಆನೆಗಳು ಬೆಳೆಗೆ ನುಗ್ಗುವ ಊರಿನಲ್ಲಿ ಹೊಲ ಕಾದವರಿಗೆಲ್ಲ ಈ ಅಭ್ಯಾಸ ಅಷ್ಟಿಷ್ಟು ಇದ್ದೇ ಇದೆ. ಚೌಡಮ್ಮನವರು ಮಾತ್ರ ಅದನ್ನು ತಾಳವಾಡಿಯ ಸಂತೆಯ ನಡುವೆಯೂ ಮಾಡುತ್ತಾರೆ, ಹಿಂದೆ ಬರುತ್ತಿದ್ದವರು ಬಂದು ಡಿಕ್ಕಿ ಹೊಡೆಯುತ್ತಾರೆ.

ಅವರು ಎಲ್ಲರ ವಾಲಗಕ್ಕೂ ಹೋಗುತ್ತಿದ್ದವರಲ್ಲ. ನಂಜ ಎಂಬ ಒಬ್ಬ ನಾಗಸ್ವರದವನಿದ್ದರೆ ಸರಿ, ಇಲ್ಲದಿದ್ದರೆ ಒಡಹುಟ್ಟಿದವರ ಮನೆಯ ಮದುವೆಯಾದರೂ ಅವರಿಗೆ ಸೊಂಟನೋವು ಬರುತ್ತಿತ್ತು. ಊರಿನ ಹಿರಿಯರು ಕಿರಿಯರೆಲ್ಲ "ಲೋ ನಂಜ" ಎಂದು ಕರೆಯುವ, ಚಪ್ಪರದ ಬಾಗಿಲಲ್ಲೇ ಚಾಪೆ ಹಾಕಿ ಕೂರಿಸುವ, ಎಲ್ಲರದೂ ಆದ ಮೇಲೆ ಎಲೆ ಹಾಕುವ ಆ ಅರವತ್ತು ದಾಟಿದ ಮನುಷ್ಯನನ್ನು "ನಂಜಣ್ಣ" ಎಂದು ಕರೆಯುತ್ತಿದ್ದವರು ಈ ಸೀಮೆಯಲ್ಲಿ ಇವರೊಬ್ಬರೇ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ನಂಜಣ್ಣ ನಮ್ಮೆಲ್ಲರಿಗೂ ಹಾಗೆ ಹಿತ್ತಲಲ್ಲೇ ಬೆಳೆದ ಗಿಡ. ವಿಧವೆಯರು ಧಾರೆಯ ಹತ್ತಿರ ನಿಲ್ಲಬಾರದೆಂಬ ಹಾಳು ಕಟ್ಟಳೆ ಚೌಡಮ್ಮನವರ ಪಾಲಿಗೆ ಅನುಕೂಲವೇ ಆಯಿತು. ಬಾಗಿಲಲ್ಲಿ, ನಾಗಸ್ವರದ ಬಾಯಿಗೆ ಎದುರಾಗಿ, ಕೋಟಿನ ಜೇಬಿನಲ್ಲಿ ಎರಡೂ ಕೈ ಇಟ್ಟುಕೊಂಡು ಅವರು ನಿಲ್ಲುತ್ತಿದ್ದರು. ಮಗಳು ಒಮ್ಮೆ ಆ ವಾಲಗವನ್ನು ಮೊಬೈಲಿನಲ್ಲಿ ಹಿಡಿದು ತಂದು, ಮನೆಯಲ್ಲೇ ಕೂತು ಎಷ್ಟು ಸಲವಾದರೂ ಕೇಳು ಎಂದಳಂತೆ. "ಅದ್ರಲ್ಲಿ ಆಯಪ್ಪ ಉಸ್ರು ತಕ್ಕಳದು ಕಾಣಾಕಿಲ್ಲ, ತಗಿ ಅತ್ಲಾಗೆ" ಎಂದು ತಳ್ಳಿಹಾಕಿದರಂತೆ.

ನಂಜಣ್ಣ ಧಾರೆಗೆ ಮುಂಚೆ ನುಡಿಸುತ್ತಿದ್ದದ್ದು ಕಲ್ಯಾಣಿ ರಾಗ. ಚೌಡಮ್ಮನವರಿಗೆ ಆ ಹೆಸರು ಬೇಕಿರಲಿಲ್ಲ. ಅವರ ಬಾಯಲ್ಲಿ ಅದು "ಧಾರೆ ಮುಂಚಿಂದು". ನಾನು ಬಸ್ಸಿನಲ್ಲಿ ಕೂತು ರಾಗಲಕ್ಷಣ ವಿವರಿಸಲು ಹೋದರೆ ಹುರಿಗಡಲೆ ಕೊಟ್ಟು ಬಾಯಿ ಮುಚ್ಚಿಸುತ್ತಿದ್ದರು. ಈಗ ಒಂದು ಸಂಗತಿಯನ್ನು ಹೇಳಬೇಕು, ಏಕೆಂದರೆ ಮದುವೆಗಳನ್ನು ಬರೀ ಉಂಡು ಬಂದವರು ಅದನ್ನು ಗಮನಿಸಿರಲಾರರು. ಮದುವೆಯ ವಾಲಗಕ್ಕೆ ಆರಂಭವುಂಟು, ಅಂತ್ಯವಿಲ್ಲ. ರಾಗ ಮೆಲ್ಲನೆ ಎದ್ದು, ಮೈಮುರಿದು, ಮೇಲಿನ ಷಡ್ಜದ ಹೊಸ್ತಿಲಿಗೆ ಬಂದು ನಿಂತಿರುತ್ತದೆ; ಅಷ್ಟರಲ್ಲಿ ಒಳಗೆ ತಾಳಿಯ ಗಳಿಗೆ ಬಂದು, ಯಾರೋ ಹಿರಿಯರು ಕೈ ಮೇಲೆತ್ತಿ "ಗಟ್ಟಿಮೇಳ!" ಎನ್ನುತ್ತಾರೆ. ಆ ಕೈ ಎದ್ದಿತೆಂದರೆ ಮುಗಿಯಿತು. ಎಂಥ ಸ್ವರವಿದ್ದರೂ ಅಲ್ಲೇ ಕೈಬಿಟ್ಟು, ಡೋಲು ನಾಗಸ್ವರಗಳೆಲ್ಲ ಒಟ್ಟಿಗೆ ಅಬ್ಬರಿಸಬೇಕು, ತಾಳಿ ಕಟ್ಟುವಾಗ ಯಾರ ಸೀನೂ ಯಾರ ಅಳುವೂ ಕಿವಿಗೆ ಬೀಳಬಾರದು. ನಂಜಣ್ಣನ ಕಲ್ಯಾಣಿ ಅವರ ಆಯುಷ್ಯವೆಲ್ಲ ಹಾಗೆ ಹೊಸ್ತಿಲಲ್ಲೇ ಬಲಿಯಾಗಿತ್ತು. ಚೌಡಮ್ಮನವರಿಗೆ ಅದರಲ್ಲಿ ಕೊರತೆಯೇನೂ ಕಂಡಿರಲಿಲ್ಲ. ರಾಗವೆಂದರೆ ಅಷ್ಟೇ ಎಂದುಕೊಂಡಿದ್ದರು.

ಅವರ ನೆಮ್ಮದಿ ಕೆಡಿಸಿದವನು ನಾನು. ಮೈಸೂರಿನ ಸಭೆಯೊಂದರಲ್ಲಿ ದೊಡ್ಡ ವಿದ್ವಾಂಸರೊಬ್ಬರ ನಾಗಸ್ವರವಿತ್ತು, ತಾಯಿ ಮಗಳಿಬ್ಬರನ್ನೂ ಕರೆದುಕೊಂಡು ಹೋದೆ. ವಿದ್ವಾಂಸರು ಕಲ್ಯಾಣಿಯನ್ನೇ ಎತ್ತಿಕೊಂಡರು, ವಿಸ್ತಾರವಾಗಿ ಬೆಳೆಸಿದರು, ಎತ್ತರಕ್ಕೆ ಒಯ್ದರು, ಆಮೇಲೆ ಅವಸರವಿಲ್ಲದೆ ಒಂದೊಂದೇ ಮೆಟ್ಟಿಲಿಳಿಸಿ ತಂದು ಕೆಳಗಿನ ಷಡ್ಜದಲ್ಲಿ ಕೂರಿಸಿದರು. ಜನ ಚಪ್ಪಾಳೆ ತಟ್ಟಿದರು. ಚೌಡಮ್ಮನವರು ತಟ್ಟಲಿಲ್ಲ. ಹೊರಗೆ ಬಂದ ಮೇಲೆ, ದೀಪದ ಕಂಬದ ಕೆಳಗೆ ನಿಂತು, "ಮೇಷ್ಟ್ರೇ, ಅದು ಮುಗೀತದಾ?" ಎಂದು ಕೇಳಿದರು.

"ಮುಗಿಯದೆ ಇನ್ನೇನು?" ಎಂದೆ.

"ನಂಜಣ್ಣಂದು ಒಂದ್ ದಿನವೂ ಮುಗಿಯಾಕೆ ಬುಡ್ನಿಲ್ವಲ್ಲ ಮೇಷ್ಟ್ರೇ ನಾವು! ಅಯ್ಯೋ ಸಿವನೇ, ಎಂಥಾ ಪಾಪ ಕಟ್ಕಂಡೋ!" ಎಂದರು. ನಂಜಣ್ಣನ ಧಾರೆ ಮುಂಚಿನದನ್ನು ಒಂದೇ ಒಂದು ಸಲ ಕೊನೆಯವರೆಗೆ ಕೇಳಬೇಕೆಂಬ ಹಂಬಲ ಅಂದಿನಿಂದ ಅವರನ್ನು ಹಿಡಿದುಕೊಂಡಿತು.

ಹಂಬಲಕ್ಕೆ ಗಡುವೂ ಬಂತು. ನಂಜಣ್ಣನ ಮುಂದಿನ ಹಲ್ಲುಗಳು ಅಲುಗಾಡುತ್ತಿದ್ದವು. ಸತ್ಯಮಂಗಲದ ಹಲ್ಲಿನ ವೈದ್ಯರು, ತಮಿಳುನಾಡಿನ ಗಡಿಯೊಳಗಿರುವ ನಮ್ಮವರು ಅರ್ಧ ತಮಿಳಿನಲ್ಲಿ ಹೇಳುವಂತೆ 'ಪಲ್ ಡಾಕ್ಟ್ರು', ಎಲ್ಲವನ್ನೂ ಕೀಳಬೇಕೆಂದರು. ಹಲ್ಲು ಹೋದರೆ ನಾಗಸ್ವರದ ಪೀಪಿಗೆ ತುಟಿಯ ಹಿಡಿತ ಸಿಗುವುದಿಲ್ಲ. ಕಟ್ಟಿಸಿದ ಹಲ್ಲಿನಲ್ಲಿ ಹಳೆಯ ನಾದ ಬರುವ ನಂಬಿಕೆಯಿಲ್ಲ. ಆಷಾಢದಲ್ಲಿ ಹೇಗೂ ಮದುವೆಗಳಿಲ್ಲ, ಆಗಲೇ ಕೀಳಿಸಿಬಿಡುತ್ತೇನೆಂದು ನಂಜಣ್ಣ ನಿರ್ಧರಿಸಿದರು. ಸುದ್ದಿ ತಿಳಿದ ಚೌಡಮ್ಮನವರು ದೊಡ್ಡಗಾಜನೂರಿಗೆ ಹೋಗಿ ಅವರ ಮನೆಯ ಮುಂದೆ ನಿಂತರು. ಹಲ್ಲು ಕೀಳಿಸುವುದಕ್ಕೆ ಮುಂಚೆ ತಮ್ಮ ಮನೆಗೆ ಬಂದು ಊದಬೇಕು, ಗಟ್ಟಿಮೇಳವಿಲ್ಲ, ಧಾರೆಯಿಲ್ಲ, ಪೂರಾ ಊದಬೇಕು. "ಮನೇಲಿ ಏನ್ ಕಾರ್ಯ ಅವ್ವಾ?" ಎಂದರಂತೆ ನಂಜಣ್ಣ. "ಕೇಳದೇ ಕಾರ್ಯ" ಎಂದರಂತೆ ಇವರು.

ಆಷಾಢದ ಒಂದು ಬೆಳಿಗ್ಗೆ. ಚೌಡಮ್ಮನವರ ಜಗಲಿಯಲ್ಲಿ ಹೊಸ ಚಾಪೆ. ಅದರ ಮೇಲೆ ನಂಜಣ್ಣ, ಪಕ್ಕದಲ್ಲಿ ಡೋಲಿನ ಮಾದಪ್ಪ, ಅವರ ಅಕ್ಕನ ಮಗ. ಎದುರಿಗೆ ಒಂದು ಮಣೆಯ ಮೇಲೆ ಚೌಡಮ್ಮ, ಇನ್ನೊಂದರ ಮೇಲೆ ಗರಿಗರಿ ಪಂಚೆಯುಟ್ಟ ನಾನು, ಬಾಗಿಲಲ್ಲಿ ಪರಿಮಳ. ನಂಜಣ್ಣ ತುಟಿ ಒದ್ದೆ ಮಾಡಿಕೊಂಡು ಆರಂಭಿಸಿದರು. ನಾನು ಮೈಸೂರಿನಲ್ಲಿ, ಮದ್ರಾಸಿನಲ್ಲಿ ಕೇಳಿದ್ದೇನೆ, ಆದರೆ ಸುಳ್ಳೇಕೆ ಹೇಳಲಿ, ಆ ಬೆಳಿಗ್ಗೆ ನನ್ನ ಮೈಮೇಲೆ ಕೂದಲು ನಿಮಿರಿದವು. ನಾದ ಹೊಲಗಳ ಮೇಲೆ ಹರಿದು ಊರಿನ ಆಚೆ ತುದಿಯವರೆಗೂ ಹೋಯಿತು.

ಹೋದದ್ದೇ ಎಡವಟ್ಟಾಯಿತು. ಆಷಾಢ ಮಾಸದಲ್ಲಿ ವಾಲಗದ ದನಿಯೆಂದರೆ ಸಾಮಾನ್ಯವೇ? ಮದುವೆಯ ವಯಸ್ಸಿಗೆ ಬಂದ ಮಗಳಿರುವ ಮನೆಯಿಂದ! ಊರು ತನ್ನದೇ ಲೆಕ್ಕ ಹಾಕಿಕೊಂಡಿತು. ಏನೋ ಹೆಚ್ಚುಕಡಿಮೆ ಆಗಿದೆ, ಅದಕ್ಕೇ ಮಾಸ ನೋಡದೆ, ಯಾರನ್ನೂ ಕರೆಯದೆ, ಗುಟ್ಟಾಗಿ ತಾಳಿ ಕಟ್ಟಿಸುತ್ತಿದ್ದಾರೆ. ಪಕ್ಕದ ಮನೆಯ ಶಿವಮಲ್ಲಮ್ಮ ಕೈಯಲ್ಲಿ ಹಿಟ್ಟಿನ ಕೋಲು ಹಿಡಿದುಕೊಂಡೇ ಓಡಿ ಬಂದರು, ಅವರ ಹಿಂದೆ ಬೀದಿಗೆ ಬೀದಿಯೇ ಬಂತು.

"ಏನಮ್ಮೀ ಚೌಡಮ್ಮ, ಅಕ್ಕಪಕ್ಕದೋರು ಸತ್ತೋಗಿದ್ದೋ? ಒಂದ್ ಮಾತು ಯೋಳ್ಬಾರ್ದಾಗಿತ್ತಾ?" ಎನ್ನುತ್ತ ಬಂದ ಶಿವಮಲ್ಲಮ್ಮ ನನ್ನ ಪಂಚೆಯನ್ನು ಮೇಲಿಂದ ಕೆಳಗೆ ನೋಡಿ, ನಾನು ಗಂಡಿನ ಅಪ್ಪನೋ ಅಥವಾ, ಶಿವ ಶಿವಾ, ಗಂಡೋ ಎಂದು ಅಳೆಯತೊಡಗಿದರು. ನಾನು ಮುಖ ಎಲ್ಲಿಡಲೆಂದು ತಿಳಿಯದೆ ನಂಜಣ್ಣನ ಕಡೆ ತಿರುಗಿದೆ. ಅವರು ಕಣ್ಣು ಮುಚ್ಚಿ ಊದುತ್ತಲೇ ಇದ್ದರು. ರಾಗ ಮೇಲೆ ಹೋಗಿತ್ತು, ಹಿಂದೆಂದೂ ದಾಟದ ಹೊಸ್ತಿಲನ್ನು ದಾಟಿತ್ತು, ಕೆಳಗಿಳಿಯುವುದೊಂದು ಬಾಕಿ. ಕಣ್ಣು ಬಿಟ್ಟು ಜನರನ್ನು ಕಂಡರು, ಮತ್ತೆ ಊದಿದರು. ಜನ ಗುಜುಗುಜು ಎನ್ನುತ್ತಿದ್ದರು. ಆಗ ಚೌಡಮ್ಮನವರು ಮಣೆಯಿಂದೆದ್ದು ಬಲಗೈಯನ್ನು ಎತ್ತಿಬಿಟ್ಟರು!

ಎತ್ತಿದ ಕೈಯನ್ನು ಕಂಡೊಡನೆ ಮಾದಪ್ಪನ ಡೋಲು ಗುಡುಗಿತು, ನಂಜಣ್ಣನ ನಾಗಸ್ವರ ಕಲ್ಯಾಣಿಯನ್ನು ಇದ್ದಲ್ಲೇ ಬಿಟ್ಟು ಗಟ್ಟಿಮೇಳಕ್ಕೆ ಹಾರಿತು. ಹೆಂಗಸರು ಅಭ್ಯಾಸಬಲದಿಂದ ಅಕ್ಷತೆಗಾಗಿ ಅತ್ತಿತ್ತ ನೋಡಿದರು, ಎರಚಲು ಗಂಡೂ ಇಲ್ಲ ಹೆಣ್ಣೂ ಇಲ್ಲ. ಮೇಳ ನಿಂತಾಗ ನಂಜಣ್ಣನ ತುಟಿಯಲ್ಲಿ ರಕ್ತವಿತ್ತು, ಇನ್ನೊಮ್ಮೆ ಊದುವ ಮಾತೇ ಇರಲಿಲ್ಲ. ವಿಷಯ ತಿಳಿದ ಮೇಲೆ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ರಾಗ ಪೂರಾ ಕೇಳುತ್ತೇನೆಂದು ವಾಲಗ ಕರೆಸಿ, ನಮ್ಮನ್ನು ಸುಮ್ಮನಿರಿಸಲು ತಾನೇ ಕೈಯೆತ್ತಿ ಕೆಡಿಸಿಕೊಂಡಳು ಎಂದು ಶಿವಮಲ್ಲಮ್ಮ ಇಂದಿಗೂ ಸಂತೆಯಲ್ಲಿ ಅಭಿನಯಿಸಿ ತೋರಿಸುತ್ತಾರೆ. ಚೌಡಮ್ಮನವರು ಅಂದು ಎಲ್ಲರಿಗೂ ಉಪ್ಪಿಟ್ಟು ಮಾಡಿ ಹಾಕಿದರು. ನಂಜಣ್ಣನ ತಟ್ಟೆಯನ್ನು ಎಲ್ಲರಿಗಿಂತ ಮೊದಲು ತಂದಿಟ್ಟರು.

ಬಸ್ಸಿಗೆ ಹೋಗುವಾಗ ನಂಜಣ್ಣ ನನ್ನ ಜೊತೆಗಿದ್ದರು. ಸಮಾಧಾನ ಹೇಳಲು ಬಾಯಿ ತೆರೆದೆ. ಅವರೇ ಮೊದಲು ಮಾತಾಡಿದರು.

"ಮಾದೇಸ ಕಾಪಾಡ್ದ ಮೇಷ್ಟ್ರೇ. ಎಂಗೆ ಮುಗಿಸ್ಬೇಕು ಅಂತ ನಂಗ್ ತಿಳೀನಿಲ್ಲ. ನಮ್ಮಪ್ಪನೂ ಮುಗಿಸಿದ್ದ ನಾನ್ ಕೇಳ್ನಿಲ್ಲ, ಆಯಪ್ಪಂಗಾದ್ರೂ ಮುಗಿಸಾಕೆ ಯಾರ್ ಬುಟ್ಟಿದ್ರು? ಅವ್ವ ಆಸೆಯಿಂದ ಕರದ್ಲು ಅಂತ ಬಂದ್ಬುಟ್ಟೆ. ಮೇಲಕ್ಕೇನೋ ಓದೆ, ಇಳಿಯಾ ದಾರೀನೇ ಇಲ್ಲ! ಆಯವ್ವ ಮರ್ತು ಕೈಯೆತ್ತುದ್ಲು ನೋಡಿ, ಬದಿಕ್ಕಂಡೆ."

ಅದೇ ವಾರ ಅವರ ಹಲ್ಲು ಕಿತ್ತರು. ಶ್ರಾವಣದಿಂದ ಆ ಮೇಳದಲ್ಲಿ ಬೇರೆ ಹುಡುಗ ಊದುತ್ತಿದ್ದಾನೆ, ನಂಜಣ್ಣ ಪಕ್ಕದಲ್ಲಿ ಕೂತು ತಾಳ ಹಾಕುತ್ತಾರೆ.

ಕೆಲವು ದಿನ ಕಳೆದು ತಿಗನಾರೆಗೆ ಹೋದಾಗ, ಚೌಡಮ್ಮನವರು ಹಸುವಿಗೆ ಹುಲ್ಲು ಹಾಕುತ್ತಿದ್ದರು. ಶಿವಮಲ್ಲಮ್ಮನ ಅಭಿನಯವನ್ನು ಅಂದೇ ಸಂತೆಯಲ್ಲಿ ಕಂಡು ಬಂದಿದ್ದೆ. "ಎಂಥ ಕೆಲಸವಾಯಿತಮ್ಮ, ಅಷ್ಟು ಆಸೆಪಟ್ಟು, ಕೊನೆಗೆ ಮರೆತು ನೀವೇ ಕೈಯೆತ್ತಿದಿರಲ್ಲ" ಎಂದೆ.

"ಮರ್ತಾ? ನಾನಾ?" ಎಂದು ಅವರು ಹುಲ್ಲಿನ ಕಂತೆಯನ್ನು ಕೆಳಗಿಟ್ಟರು. "ಆಯಪ್ಪ ಇಳಿಯಾಕೆ ಬಂದು ಬಂದು ವಾಪಸ್ ಓಯ್ತಿದ್ದ ಮೇಷ್ಟ್ರೇ. ನಿಮಗ್ ಕೇಳ್ನಿಲ್ವಾ? ನಾನು ಮದ್ವೆಯಾಗಿ ಬಂದಾಗ್ಲಿಂದ ಕೇಳಿವ್ನಿ, ದಾರಿ ತಪ್ಪುದ್ದು ಗೊತ್ತಾಗಾಕಿಲ್ವಾ ನಂಗೆ? ಎದುರ್ಗೆ ಊರೇ ಬಂದು ನಿಂತದೆ. ಅಲ್ಲಿ ನಿಲ್ಲಿಸ್ಬುಟ್ಟಿದ್ರೆ, ನಂಜಂಗೆ ಊದಾಕೇ ಬರಾಕಿಲ್ಲ ಅಂತಿದ್ರು ಈ ಜನ. ನನ್ನಾಸೆಗೆ ಆಯಪ್ಪನ ಮಾನ ಕಳೀಲಾ? ಅದ್ಕೇ ಎತ್ತುದೆ."

"ಜನ ನಿಮ್ಮನ್ನು ನೋಡಿ ನಗುತ್ತಿದ್ದಾರಲ್ಲ?"

"ನಗ್ಲಿ ಬುಡಿ" ಎಂದು ಮತ್ತೆ ಹುಲ್ಲು ಹಾಕತೊಡಗಿದರು.

ಮೆಚ್ಚಿದ ಕಲಾವಿದನನ್ನು ಕಣ್ಣಾರೆ ಕಾಣಲು ಊರೂರು ಅಲೆಯುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ, ನಾನೂ ಅಲೆದಿದ್ದೇನೆ. ನಾವೆಲ್ಲ ಪಡೆಯಲು ಹೋಗುವವರು. ಕೊಟ್ಟ ಹಣಕ್ಕೆ, ಕಳೆದ ಹೊತ್ತಿಗೆ ತಕ್ಕ ಆನಂದ ದೊರೆಯಿತೇ ಎಂದು ತೂಗಿ, ಅವನು ಒಂದು ಸ್ವರ ಜಾರಿದರೆ ದಾರಿಯುದ್ದಕ್ಕೂ ಅದನ್ನೇ ಆಡಿಕೊಳ್ಳುವ ಪಂಡಿತಮ್ಮನ್ಯರು. ನಮ್ಮ ನಡುವೆಯೇ, ಹಿಂದಿನ ಸಾಲಿನಲ್ಲೋ ಚಪ್ಪರದ ಬಾಗಿಲಲ್ಲೋ, ಇನ್ನೊಂದು ಕುಲದವರು ವಿರಳವಾಗಿ ಇರುತ್ತಾರೆ. ರಾಗದ ಹೆಸರು ಅವರಿಗೆ ತಿಳಿದಿರುವುದಿಲ್ಲ, ತಮ್ಮ ಹೆಸರನ್ನು ಅವರು ಯಾರಿಗೂ ಹೇಳುವುದಿಲ್ಲ. ಕಲಾವಿದ ಎಡವಿದ್ದು ಎಲ್ಲರಿಗಿಂತ ಮೊದಲು ಅವರಿಗೆ ಕೇಳಿಸುತ್ತದೆ, ಎಲ್ಲರಿಗೂ ಕೇಳಿಸುವುದಕ್ಕೆ ಮುಂಚೆ ಅದನ್ನು ಅವರು ತಮ್ಮ ತಪ್ಪಾಗಿ ಮಾಡಿಕೊಳ್ಳುತ್ತಾರೆ. ಅಂಥ ಒಬ್ಬರು ಎದುರಿಗಿದ್ದರೆ ಸಾಕು, ನುಡಿಸುವವನು ತನಗೆ ತಿಳಿಯದ ಕಡೆಗೂ ಹೆದರದೆ ಹೋಗಬಹುದು.