ಹೆಚ್ಚು ಬಿದ್ದ ಮದ್ದು

ಪಿಕಪ್ಪಿನ ಬಾಗಿಲು ಬಡಿದ ಸದ್ದಿಗೇ ಆರ್ಡಿಸ್‌ಗೆ ತಿಳಿಯಿತು, ತಮ್ಮ ವೆಂಡೆಲ್ ಜಗಳಕ್ಕೆ ಬಂದಿದ್ದಾನೆ ಎಂದು. ಅವಳು ಗರಾಜಿನ ಉದ್ದ ಮೇಜಿನ ಮುಂದೆ ಕಾಫಿ ಇಟ್ಟುಕೊಂಡು ಕುಳಿತಿದ್ದಳು. ಮೇಜಿಗೆ ಬೋಲ್ಟು ಹಾಕಿ ಬಿಗಿದ, ತೋಟಾ ತುಂಬುವ ಹಳೆಯ ಪ್ರೆಸ್ಸು, ಅದರ ನೆತ್ತಿಯ ಮೇಲೆ ಕೋವಿಮದ್ದಿನ ಡಬ್ಬಿ. ಹಿಡಿ ಎಳೆದರೆ ಖಾಲಿ ತೋಟಾದೊಳಗೆ ಅಳತೆಯ ಮದ್ದು ಬೀಳುತ್ತದೆ. ಅಪ್ಪ ಸಾಯುವ ಮುಂಚೆ ತನ್ನ ಕೋವಿಯನ್ನು ಮಗನಿಗೂ ಈ ಪ್ರೆಸ್ಸನ್ನು ಮಗಳಿಗೂ ಕೊಟ್ಟಿದ್ದ. ಎರಡೂ ತನಗೇ ಬರಬೇಕಿತ್ತು ಎಂದು ವೆಂಡೆಲ್‌ಗೆ ಅಂದಿನಿಂದ ಹೊಟ್ಟೆಯುರಿ.

ವೆಂಡೆಲ್ ಒಳಗೆ ನುಗ್ಗಿದ. ಎಡಗಣ್ಣು ಕೆಂಡದಂತಾಗಿತ್ತು, ಹುಬ್ಬು ಅರ್ಧ ಸುಟ್ಟಿತ್ತು. ಒಂದು ಕೈಯಲ್ಲಿ ಶೂಟಿಂಗ್ ಮೈದಾನದಲ್ಲಿ ಆಯ್ದುಕೊಂಡ ಖಾಲಿ ತೋಟಾಗಳ ಬಕೆಟ್ಟು, ಇನ್ನೊಂದರಲ್ಲಿ ಸ್ಪ್ಯಾನರು. ಎಷ್ಟು ಸಿಟ್ಟು ಬಂದಿದ್ದರೂ ಕೈ ತನ್ನ ಅಭ್ಯಾಸ ಬಿಡಲಿಲ್ಲ. ಬಕೆಟ್ಟನ್ನು ಮೇಜಿನ ತುದಿಗೆ ಬಿಗಿದಿದ್ದ ತನ್ನ ತೋಟಾ ಉಜ್ಜುವ ಯಂತ್ರಕ್ಕೆ ಸುರಿದು ಸ್ವಿಚ್ಚು ಒತ್ತಿದ. ಅಕ್ರೋಟಿನ ಚಿಪ್ಪಿನ ಪುಡಿಯೊಳಗೆ ಹಿತ್ತಾಳೆ ಗರಗರನೆ ಹೊರಳತೊಡಗಿತು. ಆಮೇಲೆ ಬಾಯಿ ತೆರೆದ.

"ನೋಡೇ ಈ ಕಣ್ಣು! ಕನ್ನಡಕ ಇಲ್ದಿದ್ರೆ ಇವತ್ತು ಕುರುಡ ಆಗಿರ್ತಿದ್ದೆ!"

"ಏನಾಯ್ತೋ?"

"ನೀನು ತುಂಬಿಕೊಟ್ಟ ತೋಟಾ ಆಯ್ತು! ಅದರ ಹಿಂಬದಿಯ ಕೇಪು ಸಿಡಿದು ಬೆಂಕಿ ಹಿಂದಕ್ಕೇ ಬಂತು. ಅಪ್ಪನ ಕೋವಿಯಲ್ಲಿ ತೋಟಾ ಮುಚ್ಚೋ ಬೋಲ್ಟು ಕಚ್ಚಿಕೊಂಡು, ಬಿಡಿಸೋಕೆ ಮರದ ಸುತ್ತಿಗೇಲಿ ಬಡೀಬೇಕಾಯ್ತು. ಕ್ಲಬ್ಬಿನವರೆಲ್ಲ ಸುತ್ತ ನಿಂತು, 'ಅಕ್ಕನ ಕೈಯಡುಗೆ ಖಾರ ಜಾಸ್ತಿ ಆಯ್ತೇನಪ್ಪಾ' ಅಂತ ಹಲ್ಲು ಕಿಸಿದ್ರು."

ಬೇರೆಯವರು ತುಂಬಿದ ತೋಟಾವನ್ನು ಯಾರೂ ಹೊಡೆಯಬಾರದು. ಮೊಂಟಾನಾದ ಆ ಊರಿನಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅಕ್ಕ ಬೇರೆಯವಳಲ್ಲ ಎಂದುಕೊಂಡು ಇವರಿಬ್ಬರೂ ಅದನ್ನು ಇಷ್ಟು ವರ್ಷ ಮೀರಿಕೊಂಡು ಬಂದಿದ್ದರು.

"ನಾನು ಸರಿಯಾಗೇ ತುಂಬಿದ್ದೆ" ಎಂದಳು ಆರ್ಡಿಸ್.

"ಸರಿಯಾಗಾ? ತೂಗಿ ತೋರ್ಸು. ಇಲ್ಲಾಂದ್ರೆ ಪ್ರೆಸ್ಸು ಬಿಚ್ಕೊಂಡು ಹೋಗ್ತೀನಿ. ನಿನಗೆ ಕೊಟ್ಟು ಅಪ್ಪ ತಪ್ಪು ಮಾಡ್ದ."

ಅಪ್ಪನ ಮಾತು ಬಂದದ್ದೇ ಅವಳ ಕಿವಿಯವರೆಗೆ ರಕ್ತ ಏರಿತು. ಹಿಡಿ ಎಳೆದಳು. ಬಿದ್ದ ಮದ್ದನ್ನು ಗೋಡೆಯ ಹಲಗೆಯ ಮೇಲಿದ್ದ ತಕ್ಕಡಿಗೆ ಹಾಕಿದಳು. ಹೆಚ್ಚು. ಇನ್ನೊಮ್ಮೆ ಎಳೆದಳು. ಅದಕ್ಕಿಂತ ಹೆಚ್ಚು. ಅಳತೆಯ ತಿರುಪು ಸಡಿಲವಾಗಿದೆಯೇ ಎಂದು ಹಿಡಿದು ಅಲುಗಾಡಿಸಿದಳು, ಬಿಗಿಯಾಗೇ ಇತ್ತು. ತಕ್ಕಡಿಯಲ್ಲಿ ತೂಕದ ಬಟ್ಟಿಟ್ಟು ನೋಡಿದಳು, ಅದೂ ಸುಳ್ಳು ಹೇಳುತ್ತಿರಲಿಲ್ಲ. ಮೂರನೆಯ ಸಲ ಎಳೆದಾಗಲೂ ಹೆಚ್ಚೇ.

ವೆಂಡೆಲ್ ಮೇಜಿನ ಕೆಳಗೆ ಬಗ್ಗಿ ಪ್ರೆಸ್ಸಿನ ಬೋಲ್ಟಿಗೆ ಸ್ಪ್ಯಾನರು ಹಚ್ಚಿದ.

"ಕೈ ತೆಗಿ!"

"ಏನಂದೆ?"

"ಕೈ ತೆಗಿ ಅಂದೆ! ಅಪ್ಪ ಹಾಸಿಗೆ ಹಿಡಿದಾಗ ಒಂದಿನ ಬಂದು ಮುಖ ತೋರ್ಸಿದ್ಯಾ ನೀನು?"

"ಏನು? ಕೇಳಿಸ್ತಿಲ್ಲ ಕಣೇ!"

ಈ ಮಾತನ್ನು ಹೇಳಲು ಅವಳು ಎಷ್ಟೋ ಕಾಲದಿಂದ ಕಾದಿದ್ದಳು. ಈಗ ಆ ದರಿದ್ರ ಯಂತ್ರದ ಗರಗರದಲ್ಲಿ ಅದೂ ಮುಳುಗಿಹೋಯಿತು. ಎದ್ದು ಹೋಗಿ ಯಂತ್ರದ ವೈರನ್ನು ಗೋಡೆಯಿಂದ ಕಿತ್ತೆಸೆದಳು.

ಗರಾಜು ಗಪ್ಪೆಂದಿತು. ಹೇಳಬೇಕಾದ ಮಾತು ಅವಳ ನಾಲಗೆಯ ತುದಿಯಲ್ಲೇ ನಿಂತಿತು. ಅವಳ ಕಣ್ಣು ಕಾಫಿ ಲೋಟದ ಮೇಲಿತ್ತು. ಇಷ್ಟು ಹೊತ್ತು ಸಣ್ಣ ಸಣ್ಣ ಸುಕ್ಕಾಗಿ ನಡುಗುತ್ತಿದ್ದ ಕಾಫಿ ಈಗ ಕನ್ನಡಿಯಂತೆ ನಿಂತಿತ್ತು.

ಆರ್ಡಿಸ್ ಡಬ್ಬಿಯ ಮದ್ದನ್ನೆಲ್ಲ ಕೆಳಗಿಳಿಸಿ, ಮತ್ತೆ ಸಡಿಲವಾಗಿ ತುಂಬಿದಳು. ಮೊದಲ ಕೆಲವು ಅಳತೆಗಳನ್ನು ಎಳೆದು ಬದಿಗೆ ಚೆಲ್ಲಿ, ನಂತರದ್ದನ್ನು ತೂಗಿದಳು. ಸರಿ. ಮತ್ತೊಂದು. ಸರಿ. ಎಷ್ಟು ಎಳೆದರೂ ತಕ್ಕಡಿಯ ಮುಳ್ಳು ಅದೇ ಗೆರೆಗೆ ಬಂದು ನಿಂತಿತು.

"ಈಗ್ಯಾಕೆ ಸರಿ ಬೀಳ್ತಿದೆ?" ವೆಂಡೆಲ್ ಮೇಜಿನ ಕೆಳಗಿಂದ ತಲೆ ಎತ್ತಿದ.

"ನಿನ್ನ ಗರಗರ ನಿಂತಿತಲ್ಲ, ಅದಕ್ಕೆ! ಸೇರಿನಲ್ಲಿ ಕಾಳು ತುಂಬಿ ಕುಕ್ಕಿದ್ರೆ ಇನ್ನಷ್ಟು ಹಿಡಿಯಲ್ವಾ? ನಿನ್ನ ಯಂತ್ರ ಮೇಜನ್ನ ಕುಲುಕುತ್ತೆ, ಡಬ್ಬಿಯೊಳಗೆ ಮದ್ದು ಒತ್ತೊತ್ತಾಗಿ ಕೂರುತ್ತೆ, ಅದೇ ಅಳತೇಲಿ ಜಾಸ್ತಿ ಬೀಳುತ್ತೆ. ಅದನ್ನ ಈ ಮೇಜಿಗೇ ತಂದು ಬಿಗಿದವನು ಯಾರು? ಅವತ್ತು ನಾನು ನಿನ್ನ ತೋಟಾ ತುಂಬ್ತಾ ಇರೋವಾಗ ನಡುವೆ ಬಂದು ಸ್ವಿಚ್ಚು ಒತ್ತಿ, ನನ್ನ ಸೇಬಿನ ಪೈ ತಿಂತಾ ಅಪ್ಪನ್ನ ಬೈತಾ ಕೂತವನು ಯಾರು?"

ವೆಂಡೆಲ್ ತನ್ನ ಕಣ್ಣನ್ನು ಮುಟ್ಟಿಕೊಂಡ. "ಅಂದ್ರೆ ನನ್ನ ಕಣ್ಣಿಗೆ ನಾನೇ..."

"ಅರ್ಧ ನೀನು. ಇನ್ನರ್ಧ ನಾನು. ನೀನು ಬರೋ ಮುಂಚೆ ತೂಗಿದ್ದೆ. ಬಂದ್ಮೇಲೆ ಒಂದನ್ನೂ ತೂಗಲಿಲ್ಲ. ನಿನ್ನ ಬಾಯಿ ಕೇಳ್ತಾ ಕೈ ಎಳೀತಾನೇ ಇದ್ದೆ." ಇದನ್ನು ಹೇಳುವಾಗ ಅವಳ ಸಿಟ್ಟು ಇಳಿಯಲಿಲ್ಲ, ಇಮ್ಮಡಿಯಾಯಿತು. ತಮ್ಮನನ್ನು ಬೈದು ಮುಗಿಸಬಹುದು, ತನ್ನ ಕೈಯನ್ನು ಯಾರು ಬೈಯಬೇಕು?

"ಉಳಿದ ತೋಟಾ ಎಲ್ಲಿ?"

"ಪಿಕಪ್ಪಿನಲ್ಲಿ."

"ತಗೊಂಡು ಬಾ. ಮುಂಚೆ ತುಂಬಿದ್ದು ಯಾವುದು, ಆಮೇಲಿಂದ್ಯಾವುದು ಅಂತ ದೇವರಿಗೂ ಗೊತ್ತಿಲ್ಲ. ಎಲ್ಲಾನೂ ಬಿಚ್ಚಬೇಕು."

ಅವನು ತೋಟಾದ ಡಬ್ಬ ತರುವಷ್ಟರಲ್ಲಿ ಅವಳು ಗುಂಡು ಕೀಳುವ ಸುತ್ತಿಗೆಯನ್ನು ತೆಗೆದಿಟ್ಟಿದ್ದಳು. ತೋಟಾವನ್ನು ಅದರ ತಲೆಯೊಳಗೆ ಸಿಕ್ಕಿಸಿ ನೆಲಕ್ಕೆ ಬಡಿದರೆ ಗುಂಡು ಕಳಚಿ ಮದ್ದು ಉದುರುತ್ತದೆ. ಅದನ್ನು ಅವನ ಕೈಗಿಟ್ಟು, ಅವನ ಸ್ಪ್ಯಾನರನ್ನು ಕಿತ್ತುಕೊಂಡಳು.

"ಬಡಿ. ಸಿಟ್ಟು ಬಂದಿದೆಯಲ್ಲ, ಇದರ ಮೇಲೆ ತೀರಿಸ್ಕೋ."

ವೆಂಡೆಲ್ ಸಿಮೆಂಟಿನ ಮೇಲೆ ಮಂಡಿಯೂರಿ ಬಡಿಯತೊಡಗಿದ. ಆರ್ಡಿಸ್ ಮೇಜಿನ ಕೆಳಗೆ ಬಗ್ಗಿದಳು. ಪ್ರೆಸ್ಸಿನ ಬೋಲ್ಟನ್ನು ಮೊದಲು ಇನ್ನೊಂದು ಸುತ್ತು ಬಿಗಿದಳು. ಆಮೇಲೆ ಉಜ್ಜುವ ಯಂತ್ರದ ಬೋಲ್ಟುಗಳನ್ನು ಬಿಚ್ಚಿ, ಅದನ್ನು ಏದುಸಿರು ಬಿಡುತ್ತ ಹೊತ್ತೊಯ್ದು ಅವನ ಪಿಕಪ್ಪಿಗೆ ದಡಾರನೆ ಹಾಕಿದಳು. ಅಷ್ಟರಲ್ಲಿ ಉದುರಿದ್ದ ಮದ್ದನ್ನು ಗೊಬ್ಬರವಾಗಲೆಂದು ಅಂಗಳದ ಗುಲಾಬಿ ಬುಡಕ್ಕೆ ಚೆಲ್ಲಿ ಬಂದಳು.

"ಶನಿವಾರ ಎಲ್ಕ್ ಜಿಂಕೆ ಬೇಟೆ ಶುರು" ಎಂದ ವೆಂಡೆಲ್, ತಲೆ ಎತ್ತದೆ. "ನನ್ನ ಹತ್ರ ಒಂದು ತೋಟಾನೂ ಉಳಿಯಲ್ಲ."

"ನಾಳೆ ಬೆಳಿಗ್ಗೆ ಬಾ. ಹಿಡಿ ನೀನೇ ಎಳಿ. ಒಂದೊಂದನ್ನೂ ನಾನು ತೂಗ್ತೀನಿ. ಬಾಯಿ ಮಾತ್ರ ಪಿಕಪ್ಪಿನಲ್ಲೇ ಬಿಟ್ಟು ಬಾ."

ವೆಂಡೆಲ್ ಇನ್ನೊಂದು ತೋಟಾ ಸಿಕ್ಕಿಸಿ, ಅಗತ್ಯಕ್ಕಿಂತ ಜೋರಾಗಿಯೇ ನೆಲಕ್ಕೆ ಬಡಿದ.