ನಾಲ್ಕನೇ ಡಬ್ಬಿಯ ಸೋಗು

ನಮ್ಮ ರೈಲುಗಾಡಿಯ ನಾಲ್ಕನೇ ಡಬ್ಬಿಯಂಥ ಇನ್ನೊಬ್ಬ ಅವಿವೇಕಿಯನ್ನು ನಾನು ಕಂಡಿಲ್ಲ. ನಾನು ಐದನೇ ಡಬ್ಬಿ. ಅವನ ಬೆನ್ನಿಗೇ ನನ್ನನ್ನು ಕಟ್ಟಿದ್ದರಿಂದ ಮಾಯಕೊಂಡದಿಂದ ದಾವಣಗೆರೆ, ದಾವಣಗೆರೆಯಿಂದ ಹರಿಹರ, ಉದ್ದಕ್ಕೂ ಅವನ ಬಡಾಯಿ ಕೇಳುವುದೇ ನನ್ನ ಹಣೆಬರಹ. ಐವತ್ತೆಂಟನೇ ಇಸವಿಯಲ್ಲಿ ವರ್ಕ್‌ಶಾಪಿಗೆ ಹೋಗಿ ಹೊಸ ಬಣ್ಣ ಬಳಿಸಿಕೊಂಡು ಬಂದಿದ್ದ. ಬಣ್ಣದ ಜೊತೆ ಚೂರು ಬುದ್ಧಿ ಬಳಿಯುವವರು ಅಲ್ಲಿ ಯಾರೂ ಇರಲಿಲ್ಲವೆಂದು ಕಾಣುತ್ತದೆ.

ನಮ್ಮ ಮಾತು ಮನುಷ್ಯರಿಗೆ ಕೇಳುವುದಿಲ್ಲ. ಕೇಳುವುದು ಒಂದೇ. ದಿನಾ ಬೆಳಿಗ್ಗೆ ಹರಿಹರದಲ್ಲಿ ಗಾಲಿ ಪರೀಕ್ಷೆ ಮಾಡುವ ಬಡೇಸಾಬ್ ಉದ್ದ ಹಿಡಿಕೆಯ ಸುತ್ತಿಗೆಯಿಂದ ಒಂದೊಂದು ಗಾಲಿಗೂ ಹೊಡೆಯುತ್ತಾನಲ್ಲ, ಆ ಸದ್ದು. ಗಟ್ಟಿ ಗಾಲಿ ಠಣ್ ಅನ್ನುತ್ತದೆ, ಬಿರುಕು ಬಿಟ್ಟದ್ದು ಡಬ್ ಅನ್ನುತ್ತದೆ. ಇಪ್ಪತ್ತಾರು ವರ್ಷ ಅವನ ಕಿವಿ ತಪ್ಪಿರಲಿಲ್ಲ. ನಾವ್ಯಾರೂ ಅವನಿಗೆ ಸುಳ್ಳು ಹೇಳಿರಲೂ ಇಲ್ಲ.

ಈ ಮೂರ್ಖ ಒಂದು ದಿನ ಸುಳ್ಳು ಹೇಳಿದ. ಗಟ್ಟಿಮುಟ್ಟಾದ ಗಾಲಿಯನ್ನು ಬಿಗಿಹಿಡಿದು ಡಬ್ ಅಂದ. ಗಾಡಿ ಎರಡು ತಾಸು ನಿಂತಿತು. ಉಕ್ಕಡಗಾತ್ರಿ ಗುಡಿಗೆ ಹೋಗಿ ಬಂದಿದ್ದ ಮಂದಿ ಪ್ಲಾಟ್‌ಫಾರ್ಮಿನಲ್ಲೇ ಬುತ್ತಿ ಬಿಚ್ಚಿ ಕೂತರು. ತಡಕಾಡಿದರೂ ಬಿರುಕು ಸಿಗಲಿಲ್ಲ. ಮುಂದಿನ ವಾರ ಮತ್ತದೇ ಆಟ. ಇನ್‌ಸ್ಪೆಕ್ಟರ್ ವಾಮದೇವಪ್ಪ ಎಲ್ಲರೆದುರಿಗೇ ಬಡೇಸಾಬನಿಗೆ ಉಗಿದರು. "ವಯಸ್ಸಾತು, ಕಿವಿ ಹೋದ್ವು. ಇನ್ನೊಂದ್ ಸಲ ಹಿಂಗ ಮಾಡಿದ್ರೆ ಸುತ್ತಿಗೆ ಇಟ್ಟು ಮನೀಗೆ ನಡಿ."

"ಅವನ ಅನ್ನ ಕಸೀಬ್ಯಾಡೋ," ಎಂದೆ ನಾನು.

"ನಿನ್ನ ಗಂಟೇನ್ ಹೋಗ್ತೈತೆ? ಮುದುಕನ ಮಾರಿ ಹೆಂಗಾಗಿತ್ತು, ನೋಡಿದ್ಯಾ?" ಎಂದು ಕಿಟಕಿಗಳನ್ನೆಲ್ಲ ಕುಣಿಸಿಕೊಂಡು ನಕ್ಕ. ನನಗೆ ಹೇಸಿಗೆಯಾಯಿತು.

ಮೂರನೇ ಸಲ ಡಬ್ ಅಂದಾಗ ಬಡೇಸಾಬನ ಕೈ ನಿಂತುಬಿಟ್ಟಿತು. ಕೇಳದವನಂತೆ ಮುಂದೆ ಹೋಗಬಹುದಿತ್ತು. ಮೇಲೆ ಕಿಟಕಿಯಲ್ಲಿ ಒಬ್ಬಳು ಕೂಸಿಗೆ ಹಾಲೂಡಿಸುತ್ತ ಕೂತಿದ್ದಳು. ಅವಳನ್ನು ನೋಡಿ, ಕೆಂಪು ಬಾವುಟ ಎತ್ತಿದ.

ವಾಮದೇವಪ್ಪ ಉರಿದುಕೊಂಡು ಬಂದರು. ಬಡೇಸಾಬ್ ಸುತ್ತಿಗೆಯನ್ನು ಅವರ ಕೈಗೇ ಕೊಟ್ಟ. "ನೀವೇ ಹೊಡೀರಿ ಸಾಹೇಬ್ರೆ. ನಿಮ್ ಕಿವೀಗೆ ಠಣ್ ಅಂತ ಕೇಳಿದ್ರೆ ನಾನು ಈಗ್ಲೇ ಹೋಗ್ತೀನಿ."

ಆಗ ಆ ಪೋಕರಿ ಒಮ್ಮೆ ಠಣ್ ಅಂದಿದ್ದರೆ ಮುದುಕನ ಕಥೆ ಮುಗಿಯುತ್ತಿತ್ತು. ಕೇಡು ಮಾಡುವುದಕ್ಕೂ ಒಂದಿಷ್ಟು ತಲೆ ಬೇಕು. "ಈ ಟೊಪ್ಪಿಗೆಯವನಿಗೂ ಟೊಪ್ಪಿ ಹಾಕ್ತೀನಿ ನೋಡು," ಎಂದು ನನಗೆ ಪಿಸುಗುಟ್ಟಿ, ವಾಮದೇವಪ್ಪನವರ ಏಟಿಗೆ ಡಬ್ ಅಂದ. ಇನ್ನೊಮ್ಮೆ ಹೊಡೆದರೆ ಇನ್ನೂ ಜೋರಾಗಿ ಡಬ್.

ವಾಮದೇವಪ್ಪ ಸುತ್ತಿಗೆ ವಾಪಸ್ ಕೊಟ್ಟರು. "ನಿನ್ ಕಿವಿ ಸರಿ ಐತೆ ಬಿಡು," ಎಂದರು. ಆಮೇಲೆ ಕೂಲಿಗಳತ್ತ ತಿರುಗಿ, "ಇದರ ಗಾಲಿ ನಂಬಾಕೆ ಆಗಲ್ಲ. ಹೊಸಾವು ಹಾಕಾಕೆ ಈ ಹಳೇ ಡಬ್ಬಿ ಅಷ್ಟು ಬಾಳಲ್ಲ. ಗಾಡಿಯಿಂದ ಬಿಚ್ಚಿ ಇಳಿಸ್ರಿ," ಎಂದರು.

"ತಮಾಷೆಗೆ ಮಾಡಿದ್ದು ರೀ!" ಎಂದು ಅವನು ಬಾಯಿ ಬಡಿದುಕೊಂಡ. ನನಗೆ ಕೇಳಿತು. ಕೇಳಬೇಕಾದವರಿಗೆ ಕೇಳಲಿಲ್ಲ.

ಈಗ ಯಾರ್ಡಿನ ಮೂಲೆಯಲ್ಲಿ ಗಾಲಿ ಕಳಚಿಸಿಕೊಂಡು ಕಲ್ಲುಗಳ ಮೇಲೆ ಕೂತಿದ್ದಾನೆ, ಹೊಟ್ಟೆ ತುಂಬ ಸುಣ್ಣದ ಚೀಲ. ಬಡೇಸಾಬ್ ದಿನಾ ಆ ದಾರಿಯಲ್ಲೇ ಕೆಲಸಕ್ಕೆ ಬರುತ್ತ, ಅಭ್ಯಾಸಬಲದಿಂದ ಸುತ್ತಿಗೆಯಲ್ಲಿ ಅವನ ಮೈಗೊಂದು ಏಟು ಹಾಕುತ್ತಾನೆ. ಪಾಪಿ ಉಸಿರು ಕಟ್ಟಿ ಠಣ್ ಅನ್ನಲು ನೋಡುತ್ತಾನೆ. ಬರೀ ಮರ, ಡಬ್ ಅನ್ನುತ್ತದೆ.