ಹನ್ನೆರಡನೆಯ ಸಾಲು

ಚರ್ಚಿನ ಬಾಗಿಲಲ್ಲಿ ಮೇಜು ಹಾಕಿಕೊಂಡು ಓಪಲ್ ಬಂದವರ ಕೈಗೆಲ್ಲ ಪೆನ್ನು ತುರುಕುತ್ತಿದ್ದಳು. ದಿನಸಿ ಅಂಗಡಿಯ ಡೆಲ್ಬರ್ಟ್ ಸಹಿ ಹಾಕಿ, ಕಾಗದ ಎತ್ತಿ ನೋಡಿದ.

"ಏನಮ್ಮಾ ಓಪಲ್, ಇದು ಸಾವಿಗೆ ಬಂದವರ ಪುಸ್ತಕ ಅಲ್ವಲ್ಲ! ನಮ್ಮ ಸಮಿತಿ ಹಾಜರಿ ಪಟ್ಟಿ!"

ಓಪಲ್ ಬಾಯಿಗೆ ಕೈ ಇಟ್ಟುಕೊಂಡಳು. ಹನ್ನೊಂದು ವರ್ಷ ಪ್ರತಿ ತಿಂಗಳೂ, ಸಮಿತಿ ನಡೆಸುತ್ತಿದ್ದ ವರ್ನಾ ಹೇಳಿದಂತೆ ಇದೇ ಪಟ್ಟಿ ಹರಡಿದ ಕೈ ಅದು. ಪೊಲೀಸರು, ಶಾಲೆ, ಚರ್ಚು, ಅಂಗಡಿಯವರು, ಹೆತ್ತವರು ಎಂದು ಹನ್ನೆರಡು ಸಾಲು. ಇವತ್ತು ಬಂದ ಜನರೂ ತಮ್ಮ ತಮ್ಮ ಸಾಲಿನಲ್ಲೇ ಸಹಿ ಹಾಕಿದ್ದರು. ಕೊನೆಯದು ಮಾತ್ರ ಖಾಲಿ: 'ಚಟ ಬಿಟ್ಟು ಒಂದು ವರ್ಷ ತುಂಬಿದವರು.'

"ಸತ್ತ ಮೇಲೂ ಮೀಟಿಂಗ್ ಕರೆದ್ಲು ನೋಡು ವರ್ನಾ," ಎಂದ ಡೆಲ್ಬರ್ಟ್. ನಗಲು ಹೋಗಿ ಅವನಿಗೆ ಅಳು ಬಂತು.

*

ಗಣಿ ಮುಚ್ಚಿದ ಮೇಲೆ ಕೆಂಟಕಿಯ ನಮ್ಮ ಕಣಿವೆಯಲ್ಲಿ ಉಳಿದದ್ದು ನೋವಿನ ಮಾತ್ರೆಯ ಚಟ. ಮಕ್ಕಳು ಅದಕ್ಕೆ ಬೀಳದಂತೆ ತಡೆಯಲು ವಲಯ ಕಚೇರಿ ನಮ್ಮ ಸಮಿತಿಗೆ ಅನುದಾನ ಕೊಡುತ್ತಿತ್ತು. ಮುಂದಿನ ಮೀಟಿಂಗಿನಲ್ಲೂ ಹನ್ನೆರಡು ಸಾಲು ತುಂಬದಿದ್ದರೆ ಅನುದಾನ ಪಕ್ಕದ ಕೌಂಟಿಗೆ ಹೋಗುತ್ತದೆಂದು ಕಾಗದ ಬಂದಿತ್ತು.

"ಗ್ಯಾರೇಜಿನ ರಾಸ್ಕೊನ ಕರಿ ಮಾರಾಯ್ತಿ, ಅವನು ಬಿಟ್ಟು ಆರು ವರ್ಷ ಆಯ್ತು," ಎಂದಿದ್ದಳು ಓಪಲ್.

"ಅದು ಲಾನಿ ಜಾಗ," ಎಂದಿದ್ದಳು ವರ್ನಾ.

ಲಾನಿ ವರ್ನಾಳ ಒಬ್ಬನೇ ಮಗ. ಸತ್ತ ಅಪ್ಪನ ಗಡಿಯಾರವನ್ನು ಮಾತ್ರೆಗಾಗಿ ಕದ್ದ ದಿನ ಅವಳೇ ಅವನನ್ನು ಹೊರಗೆ ಹಾಕಿದ್ದಳು. "ಒಂದು ವರ್ಷ ಬಿಟ್ಟಿರು. ಆಮೇಲೆ ಬಾಗಿಲು ತಟ್ಟು."

ಹನ್ನೆರಡನೆಯ ಕುರ್ಚಿಯ ಮುಂದೂ ಅವಳು ಕಾಫಿ ಇಡುತ್ತಿದ್ದಳು. ಎಲ್ಲರೂ ಎದ್ದು ಹೋದ ಮೇಲೆ ಆರಿದ ಅದನ್ನು ತಾನೇ ಕುಡಿಯುತ್ತಿದ್ದಳು. ಊರ ಮಕ್ಕಳ ಹೆಸರೆಲ್ಲ ಬಾಯಲ್ಲಿದ್ದ ಆ ಹೆಂಗಸಿನ ಮನೆಗೆ ನಾವು ಯಾರೂ ಹೋಗಲಿಲ್ಲ. ಅಡುಗೆಮನೆಯಲ್ಲಿ ಅವಳು ಬಿದ್ದದ್ದು ನಮಗೆ ಗೊತ್ತಾದದ್ದು ಎರಡು ದಿನದ ಮೇಲೆ, ಅದೂ ಮೀಟಿಂಗಿಗೆ ಅವಳು ಬಾರದೆ ಅದು ಮುಂದಕ್ಕೆ ಹೋದಾಗ.

*

ಪ್ರಾರ್ಥನೆ ಮುಗಿಯುವ ಹೊತ್ತಿಗೆ ಲಾನಿ ಬಂದ. ಯಾರದೋ ಕೋಟು, ತೋಳು ಗಿಡ್ಡ. ಓಪಲ್ ಪಟ್ಟಿ, ಪೆನ್ನು ಮುಂದಿಟ್ಟಳು. ಅವನು ಕೊನೆಯ ಸಾಲು ಓದಿ ಪೆನ್ನು ಕೆಳಗಿಟ್ಟ.

"ಹನ್ನೊಂದು ತಿಂಗಳು ಆಯ್ತು ಆಂಟಿ. ಇನ್ನೊಂದು ಕಳೀಲಿ, ಆಮೇಲೆ ಮನೆಗೆ ಹೋಗೋಣ ಅಂತಿದ್ದೆ."

"ಒಂದು ಫೋನಾದ್ರೂ ಮಾಡಬಾರದಿತ್ತೇನೋ?"

"ಮುಂಚೆ ಬಿಟ್ಟಿದೀನಿ ಅಂತ ಮೂರು ಸಲ ಫೋನ್ ಮಾಡಿದ್ದೆ. ಮೂರೂ ಸುಳ್ಳು."

"ಸರಿ, ಈಗ ಸಹಿ ಹಾಕು. ತಿಂಗಳು ಆಚೀಚೆ, ಯಾರು ನೋಡ್ತಾರೆ?"

"ಅಮ್ಮ ನೋಡ್ತಿದ್ಲು."

ಓಪಲ್‌ಗೆ ವರ್ನಾಳ ಮೇಲೆ ತಡೆಯಲಾರದಷ್ಟು ಕೋಪ ಬಂತು. ಒಂದೇ ಒಂದು ತಿಂಗಳು ಕಾಯಬಾರದಿತ್ತೇ ಇವಳು?

ಒಳಗೆ ಶವಪೆಟ್ಟಿಗೆ ಎತ್ತಲು ಐದೇ ಜನ ನಿಂತಿದ್ದರು. ಲಾನಿ ಹೋಗಿ ಆರನೆಯ ಹಿಡಿಗೆ ಕೈ ಹಾಕಿದ.

ಓಪಲ್ ಚೀಲದಿಂದ ಹೊಸ ಪಟ್ಟಿ ತೆಗೆದು, ಮೇಲೆ ಮುಂದಿನ ತಿಂಗಳ ಮೀಟಿಂಗಿನ ತಾರೀಕು ಬರೆದಳು. ಪೆಟ್ಟಿಗೆ ಬಾಗಿಲು ದಾಟುವಾಗ, ತಾಯಿಯ ಭಾರ ಹೊತ್ತು ಬಗ್ಗಿದ್ದ ಲಾನಿಯ ಜೇಬಿಗೆ ಆ ಪೆನ್ನನ್ನು ಸಿಕ್ಕಿಸಿದಳು.